ಲಕ್ವ, ಬಿಪಿ ಮತ್ತು ಒಂದು ಬೇರಿನ ಕಥೆ



ಹಳೆಯ ಚಿತ್ರಗೀತೆ ಕೋರಿ ಬರುವ ಪತ್ರಗಳಲ್ಲಿ ಆಗಾಗ ಒಂದು ಮಾತು ಇರುತ್ತದೆ. ‘ಅಪ್ಪನಿಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ, ಹಾಡು ಹಾಕಿದರೆ ಮಾತ್ರ ಕಣ್ಣರಳಿಸುತ್ತಾರೆ’ ಎಂದು. ಮಾತನ್ನೇ ಕಸುಬು ಮಾಡಿಕೊಂಡ ನಮ್ಮಂಥವರಿಗೆ ಆ ಸಾಲು ದಾಟಿ ಮುಂದಿನ ಪತ್ರಕ್ಕೆ ಹೋಗುವುದು ಕಷ್ಟ. ಆದ್ದರಿಂದ ಈ ಬಾರಿ ಇತಿಹಾಸದ ಪುಟ ಆ ಕಾಯಿಲೆಗೇ ಮೀಸಲು. ಅದರ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮುಂಬಯಿಯಲ್ಲೇ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಮೊದಲು ಹೆಸರನ್ನೇ ನೋಡೋಣ. ಲಕ್ವ ಅರಬ್ಬಿ ಮೂಲದ ಮಾತು. ಮುಖ ಒಂದು ಕಡೆಗೆ ವಾಲುವುದಕ್ಕೆ ಅಲ್ಲಿ ಆ ಹೆಸರು. ಆಯುರ್ವೇದದಲ್ಲಿ ಇದು ಪಕ್ಷಾಘಾತ, ಅಂದರೆ ದೇಹದ ಒಂದು ಪಕ್ಕಕ್ಕೆ ಬಿದ್ದ ಆಘಾತ. ಇಂಗ್ಲಿಷಿನ ಸ್ಟ್ರೋಕ್ ಎಂದರೂ ಹೊಡೆತವೇ. ಎಲ್ಲ ಭಾಷೆಗಳಲ್ಲೂ ಯಾರೋ ಹೊರಗಿನಿಂದ ಬಂದು ಹೊಡೆದ ಹಾಗೆ! ವಿಧಿಯೋ, ಗಾಳಿಯೋ, ದೇವರ ಮುನಿಸೋ. ಹೊಡೆದವರು ಯಾರೆಂದು ಗೊತ್ತಿಲ್ಲದಿದ್ದರೆ ತಡೆಯುವುದಾದರೂ ಹೇಗೆ?

ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೊಬ್ ವೆಪ್ಫರ್ ಹೀಗೆ ಸತ್ತವರ ತಲೆಯನ್ನು ತೆರೆದು ನೋಡಿ 1658ರಲ್ಲಿ ಪುಸ್ತಕ ಬರೆದ. ಮಿದುಳಿನಲ್ಲಿ ರಕ್ತಸ್ರಾವವಾಗಿರುತ್ತದೆ, ಇಲ್ಲವೆ ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ ಎಂದು ತೋರಿಸಿದ. ಹೊಡೆತ ಹೊರಗಿನದಲ್ಲ, ಒಳಗಿನದು ಎಂದು ಖಚಿತವಾಯಿತು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣ ತಂದ. ಒಳಗಿನ ಶತ್ರುವನ್ನು ಹೊರಗಿನಿಂದಲೇ ಅಳೆಯಲು ಸಾಧ್ಯವಾಯಿತು.

ಆದರೂ ವೈದ್ಯರಿಗೆ ಒಂದು ಭ್ರಮೆ ಉಳಿದಿತ್ತು. ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುತ್ತದೆ, ಒತ್ತಡ ಏರಿದರೇನೇ ರಕ್ತ ಮುಂದೆ ಹೋಗುವುದು, ಅದನ್ನು ಇಳಿಸಬಾರದು ಎಂದು ಅನೇಕರು ನಂಬಿದ್ದರು. ಇಳಿಸಲು ಒಳ್ಳೆಯ ಔಷಧಿಯೂ ಇರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ 1944ರ ಮಾರ್ಚಿನಲ್ಲೇ 186/108 ಇತ್ತು. 1945ರ ಏಪ್ರಿಲ್ 12ರಂದು ಅವರು ಕುಸಿದಾಗ ಅದು 300/190. ಜಗತ್ತಿನಲ್ಲೇ ಬಲಾಢ್ಯನೆನಿಸಿದ ಮನುಷ್ಯ ಮಿದುಳಿನ ರಕ್ತಸ್ರಾವದಿಂದ ಅಂದೇ ತೀರಿಹೋದರು. ಪಥ್ಯ, ವಿಶ್ರಾಂತಿ, ಹೃದಯಕ್ಕೆ ಡಿಜಿಟಾಲಿಸ್: ವೈದ್ಯರ ಕೈಯಲ್ಲಿ ಇದ್ದದ್ದು ಅಷ್ಟೇ.

ಈಗ ನಮ್ಮ ಕಡೆಗೆ ಬನ್ನಿ. ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಸರ್ಪಗಂಧಿ ಗಿಡದ ಬೇರನ್ನು ಹಾವು ಕಡಿತಕ್ಕೂ ನಿದ್ರಾಹೀನತೆಗೂ ಕೊಡುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ಬಿಹಾರದಲ್ಲಿ ಅದಕ್ಕೆ ‘ಹುಚ್ಚಿನ ಮದ್ದು’ ಎಂದೇ ಹೆಸರು. ಆ ಬೇರು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. ಹೊರಗಿನ ಜಗತ್ತು ಗಮನಿಸಲಿಲ್ಲ.

ಗಮನಿಸುವಂತೆ ಮಾಡಿದವರು ಮುಂಬಯಿಯ ಹೃದಯ ತಜ್ಞ ಡಾ. ರುಸ್ತುಂ ಜಾಲ್ ವಕೀಲ್. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಅವರು 50 ಮಂದಿ ಬಿಪಿ ರೋಗಿಗಳಿಗೆ ಈ ಬೇರಿನ ಔಷಧಿ ಕೊಟ್ಟು, ಒತ್ತಡ ಎಷ್ಟು ಇಳಿಯಿತೆಂದು ಲೆಕ್ಕವಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದನ್ನು ಓದಿ ಬೋಸ್ಟನ್ನಿನ ವೈದ್ಯರು ಬೇರು ತರಿಸಿಕೊಂಡರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ವ ತೆಗೆದರು. 1957ರಲ್ಲಿ ವಕೀಲರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂತು.

ಕಥೆಯ ನಿಜವಾದ ತಿರುವು ಇನ್ನೂ ಮುಂದಿದೆ. ಬಿಪಿ ಇಳಿಸಿದರೆ ಜೀವ ಉಳಿಯುತ್ತದೆಯೇ? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು ಪರೀಕ್ಷೆ ನಡೆಸಿದರು. ಅರ್ಧ ಮಂದಿಗೆ ಬರೀ ಸಪ್ಪೆ ಮಾತ್ರೆ, ಉಳಿದರ್ಧ ಮಂದಿಗೆ ಮೂರು ಔಷಧಿಗಳ ಮಾತ್ರೆ. ಆ ಮೂರರಲ್ಲಿ ಒಂದು ರೆಸರ್ಪಿನ್. ಬಿಪಿ ಬಹಳ ಹೆಚ್ಚಿದ್ದ 143 ಮಂದಿಯ ಫಲಿತಾಂಶ 1967ರಲ್ಲಿ ಬಂತು: ಸಪ್ಪೆ ಮಾತ್ರೆಯವರಲ್ಲಿ 27 ಗಂಭೀರ ತೊಂದರೆಗಳು, ಔಷಧಿ ಪಡೆದವರಲ್ಲಿ ಕೇವಲ 2. ಸಾಧಾರಣ ಬಿಪಿಯಿದ್ದ 380 ಮಂದಿಯ ಫಲಿತಾಂಶ 1970ರಲ್ಲಿ ಬಂದಾಗ ಲಕ್ವದ ಲೆಕ್ಕ 20ಕ್ಕೆ 5. ಹಣೆಬರಹ ಎಂದುಕೊಂಡಿದ್ದನ್ನು ದಿನದ ಮಾತ್ರೆ ಅಳಿಸಬಲ್ಲದು ಎಂದು ಸಾಬೀತಾಯಿತು. ಆ ಮಾತ್ರೆಯಲ್ಲಿ ನಮ್ಮ ನೆಲದ ಬೇರೊಂದರ ಸತ್ವವೂ ಇತ್ತು.

ಮನಸ್ಸು ಕುಗ್ಗುವುದು, ಮಂಪರು ಮುಂತಾದ ತೊಂದರೆಗಳಿಂದ ರೆಸರ್ಪಿನ್ ಹಿಂದೆ ಸರಿಯಿತು. ಅದಕ್ಕಿಂತ ಉತ್ತಮ ಔಷಧಿಗಳು ಬಂದವು. ದಯವಿಟ್ಟು ಊರಿನಿಂದ ಬೇರು ತರಿಸಿ ತಿನ್ನಲು ಹೋಗಬೇಡಿ!

ಲಕ್ವ ಬಡಿದ ಮೇಲಿನ ಚಿಕಿತ್ಸೆ ಬೆಳೆದದ್ದು ಇನ್ನೂ ತಡವಾಗಿ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಸಿಟಿ ಸ್ಕ್ಯಾನ್ ಆಯಿತು. ರಕ್ತ ಸೋರಿದೆಯೋ ಕಟ್ಟಿದೆಯೋ ಎಂದು ಬದುಕಿರುವಾಗಲೇ ಕಾಣತೊಡಗಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಮೂರು ಗಂಟೆಯೊಳಗೆ ಕೊಟ್ಟರೆ ಫಲ ಕೊಡುತ್ತದೆಂದು 1995ರಲ್ಲಿ, ನಾಲ್ಕೂವರೆ ಗಂಟೆಯವರೆಗೂ ಪ್ರಯೋಜನವಿದೆಯೆಂದು 2008ರಲ್ಲಿ ತಿಳಿಯಿತು. ದೊಡ್ಡ ನಾಳದ ಹೆಪ್ಪನ್ನು ತೂರುನಳಿಗೆಯಿಂದ ಹೊರಗೆಳೆಯುವ ಚಿಕಿತ್ಸೆ 2015ರಲ್ಲಿ ಗಟ್ಟಿಯಾಗಿ ನೆಲೆನಿಂತಿತು. ಆದರೆ ಇವು ದುಬಾರಿ, ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ. ಡಾ. ಪಿ.ಎಂ. ದಲಾಲ್ ಮತ್ತು ಸಂಗಡಿಗರು 2005-06ರಲ್ಲಿ ಮುಂಬಯಿಯಲ್ಲೇ ಮಾಡಿದ ಸಮೀಕ್ಷೆಯ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 145 ಮಂದಿಗೆ ಹೊಸದಾಗಿ ಲಕ್ವ ತಗುಲುತ್ತಿತ್ತು. ಅವರಲ್ಲಿ ಶೇಕಡಾ 30ರಷ್ಟು ಮಂದಿ 28 ದಿನಗಳೊಳಗೆ ತೀರಿಕೊಂಡರು.

ಉಳಿದವರ ಪಾಡು? ಬೆರಳು ಮಡಚುವುದನ್ನು, ಹೆಜ್ಜೆ ಇಡುವುದನ್ನು, ಮಗನ ಹೆಸರು ಕರೆಯುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿ ಬೇಗ ಶುರುವಾದಷ್ಟೂ ಒಳ್ಳೆಯದು. ಒಂದೇ ಕೋಣೆಯ ಚಾಳಿನಲ್ಲಿ, ಎಲ್ಲರೂ ಬೆಳಗ್ಗೆ ಲೋಕಲ್ ಹಿಡಿದು ಹೋಗುವ ಮನೆಯಲ್ಲಿ, ಅದನ್ನು ಮಾಡಿಸುವ ಹೊಣೆ ಹೆಚ್ಚಾಗಿ ಒಬ್ಬ ಹೆಣ್ಣುಮಗಳ ಹೆಗಲಿಗೇ ಬೀಳುತ್ತದೆ. ಯಾವ ವೈದ್ಯಕೀಯ ಇತಿಹಾಸದಲ್ಲೂ ಅವಳ ಹೆಸರಿಲ್ಲ.

ಅದಕ್ಕೇ ಈ ಕಥೆ ಹೇಳಿದ್ದು. ರೂಸ್‌ವೆಲ್ಟರಿಗೆ ಸಿಗದ ಔಷಧಿ ಇಂದು ಸರ್ಕಾರಿ ದವಾಖಾನೆಯಲ್ಲಿ ಸಿಗುತ್ತದೆ. ಆದರೆ ಬಿಪಿ ನೋವು ಕೊಡುವುದಿಲ್ಲ. ಅಳೆಯದೆ ತಿಳಿಯುವುದೂ ಇಲ್ಲ. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಸ್ವಲ್ಪ ಹಿಂದೆ ಸರಿಯಲಿ. ಬೀಡಿ, ಸಿಗರೇಟು ದೂರ ಹೋಗಲಿ. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆ ನಿಲ್ಲಿಸಬೇಡಿ. ಯಾರದಾದರೂ ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಗಡಿಯಾರ ನೋಡಿ. ಎಣ್ಣೆ ತಿಕ್ಕಿ ನಾಳೆ ನೋಡೋಣ ಎನ್ನದೆ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ.

ಈ ವಾರ ಮನೆಯ ಹಿರಿಯರ ಬಿಪಿ ಒಮ್ಮೆ ನೋಡಿಸಿ. ನಲವತ್ತು ದಾಟಿದ್ದರೆ ನಿಮ್ಮದನ್ನೂ! ಆಮೇಲೆ ಅವರ ಇಷ್ಟದ ಹಾಡಿಗೆ ಪತ್ರ ಬರೆಯಿರಿ, ಖಂಡಿತ ಹಾಕೋಣ.