ಪಲಾಶಿಕೆಯ ವರ್ಷಾಕಾಲದಾನವೂ ಘಟ್ಟದ ದಾರಿಯೂ

ಘಟ್ಟದ ಮೇಲಣ ಪಲಸಿಗೆ ಹನ್ನೆರಡು ಸಾಸಿರವನ್ನೂ ಘಟ್ಟದ ಕೆಳಗಣ ಕೊಂಕಣ ಒಂಬೈನೂರನ್ನೂ ಗೋವೆಯ ಕದಂಬರು ಒಂದೇ ಅರಸುತನದಲ್ಲಿ ಆಳಿದರೆಂಬುದು ವಾಚಕರಿಗೆ ಸುವಿದಿತವಾದ ಸಂಗತಿ. ಈ ಎರಡು ಸೀಮೆಗಳು ಒಂದಾಗಿರಬೇಕಾದರೆ ನಡುವೆ ದಾರಿಯಿರಬೇಕು. ದಾರಿಯಿದ್ದ ಮೇಲೆ ನಡೆವವರು ತಂಗುವ ಎಡೆಯೂ ಇರಬೇಕು. ಇಂತಹ ತಂಗುದಾಣದ ಇತಿಹಾಸವನ್ನು ಖಾನಾಪುರ ಸೀಮೆಯಲ್ಲಿ ಎಷ್ಟು ಹಿಂದಕ್ಕೆ ಒಯ್ಯಬಹುದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಿದೆ.

ಮೊದಲು ನೆಲದ ಸ್ವರೂಪವನ್ನು ನೋಡತಕ್ಕದ್ದು. ಬೆಳಗಾವಿಯಿಂದ ತೆಂಕಲಾಗಿ ಹೊರಟು ಖಾನಾಪುರವನ್ನು ದಾಟಿದರೆ ಸಹ್ಯಾದ್ರಿಯ ಅಡವಿ ಎದುರಾಗುವುದು. ಈ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿದ ಮಹದಾಯಿಯು ಪಡುವಲಿಗಿಳಿದು ಮಾಂಡವಿಯೆಂಬ ಹೆಸರಿನಿಂದ ಕಡಲನ್ನು ಕೂಡುತ್ತಾಳೆ. ಇಲ್ಲಿ ಮಳೆ ಹಿಡಿಯಿತೆಂದರೆ ಹಳ್ಳಗಳು ತುಂಬಿ, ಕಾಲುದಾರಿ ಕೆಸರಾಗಿ, ಪಥಿಕನು ಇದ್ದಲ್ಲಿಯೇ ನಿಲ್ಲಬೇಕಾಗುವುದು. ಬಯಲುಸೀಮೆಯ ದಾರಿಗನಿಗೆ ಬೇಸಗೆಯ ಅರವಟ್ಟಿಗೆ ಹೇಗೋ ಘಟ್ಟದ ದಾರಿಗನಿಗೆ ಮಳೆಗಾಲದ ಸೂರು ಹಾಗೆ.

ಈಗ ಶಾಸನಗಳಿಗೆ ಬರೋಣ. ಇಂದಿನ ಹಲಸಿಯೇ ಆದಿಕದಂಬರ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟರು 1877ರಲ್ಲಿ ಪ್ರಕಟಿಸಿದರು. ಮೃಗೇಶವರ್ಮನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನೆಂದು ಒಂದು ಪಟವು ಹೇಳುತ್ತದೆ. ಆತನ ಮಗ ರವಿವರ್ಮನ ಕಾಲದ ಪಟದಲ್ಲಿ ಎರಡು ಕಟ್ಟಳೆಗಳಿವೆ: ಪುರುಖೇಟಕ ಗ್ರಾಮದ ಹುಟ್ಟುವಳಿಯಿಂದ ಪ್ರತಿ ವರ್ಷವೂ ಕಾರ್ತಿಕ ಪೂರ್ಣಿಮೆಯಲ್ಲಿ ಎಂಟು ದಿನದ ಜಿನೇಂದ್ರೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳೂ ತಪಸ್ವಿಗಳಿಗೆ ಗ್ರಾಸ ಸಲ್ಲಬೇಕು. ಇದು ಕ್ರಿ.ಶ. 5ನೆಯ ಶತಮಾನದ ಕೊನೆ, ಅಥವಾ 6ನೆಯ ಶತಮಾನದ ಆದಿಯ ಮಾತು.

ಇದನ್ನು ಸಾಮಾನ್ಯವಾಗಿ ಜೈನಮತದ ಇತಿಹಾಸಕ್ಕೆ ಮಾತ್ರ ಆಧಾರವೆಂದು ಪಾಠಹೇಳುವ ರೂಢಿಯುಂಟು. ನಾಲ್ಕು ತಿಂಗಳು ಒಂದೆಡೆ ನಿಲ್ಲುವುದು ಯತಿಗಳಿಗೆ ಎಲ್ಲ ದೇಶದಲ್ಲಿಯೂ ವಿಹಿತವಾದ ನಿಯಮವಷ್ಟೆ. ಅದರಿಂದ ಘಟ್ಟದ ದಾರಿಯ ವಿಷಯವೇನು ಸಿದ್ಧಿಸೀತು ಎಂದು ಪೂರ್ವಪಕ್ಷಿಯು ಕೇಳಬಹುದು. ಆಕ್ಷೇಪವು ಯುಕ್ತವೇ. ಆದರೆ ವ್ರತವು ಯತಿಯದು, ವೃತ್ತಿಯು ಸ್ಥಳದ್ದು. ನಿಲ್ಲಬೇಕೆಂಬುದನ್ನು ಶಾಸ್ತ್ರವು ಹೇಳುತ್ತದೆ. ನಿಂತವನಿಗೆ ಯಾವ ಊರಿನ ಬೆಳೆಯಿಂದ ಅನ್ನ ಬರಬೇಕೆಂಬುದನ್ನು ಶಾಸನವು ಹೇಳುತ್ತದೆ. ವರ್ಷವರ್ಷವೂ ಯತಿಗಳು ಬಂದು ತಂಗುವರೆಂಬ ನಂಬಿಕೆಯಿಲ್ಲದೆ ಒಂದು ಗ್ರಾಮದ ಹುಟ್ಟುವಳಿಯನ್ನು ಹೀಗೆ ಕಟ್ಟುಮಾಡುವುದು ಅಸಂಭಾವ್ಯ.

ಎರಡು ಕಟ್ಟಳೆಗಳನ್ನೂ ಕೂಡಿಸಿ ಓದಿದರೆ ಅರ್ಥವು ಇನ್ನೂ ಸ್ಫುಟವಾಗುವುದು. ಗ್ರಾಸವು ಮಳೆಯೊಡನೆ ಮೊದಲಾಗುತ್ತದೆ. ಉತ್ಸವವು ಕಾರ್ತಿಕದಲ್ಲಿ, ಮಳೆ ಹಿಂದೆಗೆದು ಹಳ್ಳಗಳು ಇಳಿದು ದಾರಿ ತೆರೆಯುವ ಹೊತ್ತಿಗೆ ಬರುತ್ತದೆ. ಬಂದವರನ್ನು ಉಳಿಸಿಕೊಳ್ಳುವುದು ಒಂದು, ಉತ್ಸವದೊಡನೆ ಬೀಳ್ಕೊಡುವುದು ಇನ್ನೊಂದು. ಆದುದರಿಂದ ಈ ಪಟವು ಮತದ ದಾಖಲೆಯಾಗಿರುವಂತೆಯೇ ದಾರಿಯ ಪಂಚಾಂಗವೂ ಆಗಿದೆಯೆಂದು ನಮಗೆ ತೋರುತ್ತದೆ.

ಇದಕ್ಕಿಂತ ಹೆಚ್ಚನ್ನು ಹೇಳುವುದು ಸಾಹಸವಾದೀತು. ಪಟವು ಹೇಳುವುದು ತಪಸ್ವಿಗಳ ಗ್ರಾಸವನ್ನು, ಬೇಹಾರಿಗಳ ಸತ್ರವನ್ನಲ್ಲ. ಹಲಸಿಯಲ್ಲಿ ಇಂದು ಕಾಣುವ ಭೂವರಾಹ ನರಸಿಂಹ ದೇವಾಲಯವು ಬಹುಕಾಲದ ಮೇಲೆ, ಗೋವೆಯ ಕದಂಬರ ಆಳಿಕೆಯಲ್ಲಿ ಮೆರೆದದ್ದು. ಅದರ ಮಂಟಪವನ್ನು ಆದಿಕದಂಬರ ವಸತಿಯೆಂದು ಭ್ರಮಿಸಬಾರದು.

1888ರಲ್ಲಿ ಕ್ಯಾಸಲ್‌ರಾಕಿನಿಂದ ಮರ್ಮಗೋವೆಗೆ ರೈಲು ಇಳಿದ ಮೇಲೆ ನಡೆದು ಘಟ್ಟವಿಳಿಯುವ ಅವಶ್ಯಕತೆಯು ತಗ್ಗಿತು. ದಾರಿಗರು ತಪ್ಪಿದೊಡನೆ ತಂಗುದಾಣಗಳ ನೆನಪೂ ಮಾಸುವುದು ಸಹಜ. ಇಂದು ವಿಹಾರಾರ್ಥವಾಗಿ ಈ ಕಾಡುಗಳಲ್ಲಿ ನಡೆವವರು ಕಲ್ಲು ಸೂರನ್ನು ಕಂಡರೆ ಮಾತ್ರ ಅದನ್ನು ಪ್ರಾಚೀನವೆನ್ನುತ್ತಾರೆ. ಆದರೆ ತಂಗುದಾಣವೆಂಬುದು ಬರಿಯ ಗೋಡೆಯಲ್ಲ, ನಿಂತವನಿಗೆ ಊರು ಕೊಡುವ ತುತ್ತೂ ಅದರಲ್ಲಿ ಸೇರಿದೆ. ಗೋಡೆ ಬಿದ್ದುಹೋಗಿ ತುತ್ತಿನ ಲೆಕ್ಕ ಮಾತ್ರ ತಾಮ್ರದಲ್ಲಿ ಉಳಿದಿರುವಾಗ, ಆ ಲೆಕ್ಕವನ್ನು ದಾನದ ಹೊಗಳಿಕೆಯೆಂದು ದಾಟಿಹೋಗದೆ, ಅದರ ಋತುವನ್ನೂ ನೆಲವನ್ನೂ ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.