ಮಿಸ್ಸಿಂಗ್: ಗುಂಡ್ಲುಪೇಟೆ ರಸ್ತೆಯಲ್ಲಿ ಒಂದು ಕಿಡಿಯ ಚರಿತ್ರೆ

ಕೆಲವು ಪದಗಳು ತಾವು ಹುಟ್ಟಿದ ಊರನ್ನು ಮರೆತು ಬದುಕುತ್ತವೆ. ಹಳೆಯ ಪೆಟ್ರೋಲ್ ಕಾರಿನ ಡಿಸ್ಟ್ರಿಬ್ಯೂಟರಿಗೆ ನಮ್ಮ ಗ್ಯಾರೇಜುಗಳಲ್ಲಿ ‘ಡೆಲ್ಕೋ’ ಎಂಬ ಹೆಸರುಂಟು. ಅದು ಅಮೆರಿಕದ ಡೇಟನ್ ಪಟ್ಟಣದಲ್ಲಿ 1909ರಲ್ಲಿ ಶುರುವಾದ ಕಂಪನಿಯೊಂದರ ಹೆಸರು. ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬುದರ ಮೊದಲಕ್ಷರಗಳ ಕೂಡಿಕೆ. ಚಾರ್ಲ್ಸ್ ಕೆಟರಿಂಗ್ ಎಂಬಾತ ಅಲ್ಲಿ ಬ್ಯಾಟರಿ ಮತ್ತು ಕಾಯಿಲಿನಿಂದ ಕಿಡಿ ಹೊತ್ತಿಸುವ ವ್ಯವಸ್ಥೆಯನ್ನು ರೂಪಿಸಿದ. ಆ ಕಂಪನಿಯ ಒಂದು ಮೊಳೆಯೂ ಇಲ್ಲದ ಅಂಬಾಸಿಡರ್ ಕಾರಿನ ಮುಂದೆ ನಿಂತು, ನಮ್ಮವರು ‘ಡೆಲ್ಕೋ ಬಿಚ್ಚಪ್ಪಾ’ ಅನ್ನುತ್ತಾರೆ.

ಇನ್ನೊಂದು ಪದ ‘ಮಿಸ್ಸಿಂಗ್’. ಚಾಮರಾಜನಗರದ ಕಡೆ ‘ಗಾಡಿ ಮಿಸ್ಸಿಂಗ್ ಹೊಡೀತದ ಸಾ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎಂಜಿನ್ನಿನ ಸಿಲಿಂಡರಿನಲ್ಲಿ ಬೀಳಬೇಕಾದ ಕಿಡಿ ಬೀಳಲಿಲ್ಲ, ಗಾಡಿ ಮುಗ್ಗರಿಸಿತು. ಸದಾ ಮುಗ್ಗರಿಸುವ ಗಾಡಿಯನ್ನು ಸರಿಮಾಡುವುದು ಸುಲಭ. ಒಮ್ಮೆ ಮುಗ್ಗರಿಸಿ, ಗ್ಯಾರೇಜಿಗೆ ತಂದೊಡನೆ ಏನೂ ಆಗಿಲ್ಲದಂತೆ ಗುನುಗುವ ಗಾಡಿಯೇ ಮೆಕ್ಯಾನಿಕ್‌ನ ನಿಜವಾದ ಪರೀಕ್ಷೆ.

ಈ ಪರೀಕ್ಷೆ ಗುಂಡ್ಲುಪೇಟೆಯಲ್ಲಿ ಇನ್ನಷ್ಟು ಬಿಗಿ. ಮೈಸೂರಿನ ಕಡೆಯಿಂದ ರೈಲು ಚಾಮರಾಜನಗರದವರೆಗೆ ಬಂದು ನಿಂತಿತು. ಗುಂಡ್ಲುಪೇಟೆಗೆ ರಸ್ತೆಯೇ ಗತಿ. ಮೈಸೂರಿನಿಂದ ಬಂದ ದಾರಿ ಇಲ್ಲಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಎರಡೂ ಕಡೆ ಕಾಡು. ಊಟಿಯ ಫರ್ನ್‌ಹಿಲ್ ಅರಮನೆಯಲ್ಲಿ ಬೇಸಿಗೆ ಕಳೆಯುತ್ತಿದ್ದ ಮೈಸೂರು ಅರಸರ ಕಾಲದಿಂದಲೂ ಇದು ವಾಹನಗಳ ದಾರಿ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸಂಜೆ ಏಳೂವರೆಗೆ ಗುಂಡ್ಲುಪೇಟೆ ದಾಟುವ ಹಳೆಯ ಕಾರು ಕಾಡಿನ ನಡುವೆ ಕೈಕೊಟ್ಟರೆ ಅದು ಬರೀ ರಿಪೇರಿಯ ಮಾತಲ್ಲ.

ಕಿಡಿಯ ಚರಿತ್ರೆ ದೊಡ್ಡದೇನಲ್ಲ. 1902ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೊಬ್ ಹೊನೊಲ್ಡ್ ಅಧಿಕ ಒತ್ತಡದ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗಿನ ಜೋಡಿಯನ್ನು ಸಿದ್ಧಪಡಿಸಿದ. ಆಮೇಲೆ ಕೆಟರಿಂಗ್‌ನ ಕಾಯಿಲ್ ಬಂದು ಲೋಕವೆಲ್ಲ ಹರಡಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಆರಂಭವಾಗಿ ಸ್ಪಾರ್ಕ್ ಪ್ಲಗ್ ನಮ್ಮ ನೆಲದಲ್ಲೇ ತಯಾರಾಗತೊಡಗಿತು. ಮುಂದೆ ಅಂಬಾಸಿಡರ್ ಬಂತು; 2014ರವರೆಗೂ ತಯಾರಾಯಿತು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಬೀಳುವ ಸರದಿ 1-3-4-2. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಪಾಯಿಂಟು ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಪ್ರತಿಸಲ ತೆರೆದಾಗಲೂ ಕಾಯಿಲ್ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳಿಸುತ್ತದೆ. ಇಷ್ಟರಲ್ಲಿ ಎಲ್ಲಿ ತಪ್ಪಿತು ಎಂದು ಹುಡುಕಬೇಕು.

ಯಂತ್ರಗಳಿಲ್ಲದ ಕಾಲದಲ್ಲಿ ಅದನ್ನು ಹುಡುಕಿಕೊಡುತ್ತಿದ್ದುದು ರಸ್ತೆ. ಮೊದಲ ಪ್ರಶ್ನೆ: ಗಾಡಿ ಹೇಗೆ ಸೋಲುತ್ತದೆ? ನಿಧಾನವಾಗಿ ಉಸಿರು ಕಳೆದುಕೊಂಡರೆ ಸಾಮಾನ್ಯವಾಗಿ ಪೆಟ್ರೋಲಿನ ತೊಂದರೆ. ಸ್ವಿಚ್ ಆರಿಸಿದಂತೆ ಫಕ್ಕನೆ ತಪ್ಪಿ ಫಕ್ಕನೆ ಬಂದರೆ ಕರೆಂಟಿನದು. ಎರಡನೆಯದು: ಎಲ್ಲಿ ಸೋಲುತ್ತದೆ? ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತುವಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚು. ಕಿಡಿ ಜಿಗಿಯಲು ಹೆಚ್ಚು ವೋಲ್ಟ್ ಬೇಕು. ಅಲ್ಲಿ ಮಾತ್ರ ತಪ್ಪಿದರೆ ಸಂದು ಅಗಲವಾದ ಪ್ಲಗ್, ದುರ್ಬಲ ಕಾಯಿಲ್, ಒಳಗೊಳಗೇ ಸೋರುವ ಪ್ಲಗ್ ವೈರು ಇವುಗಳ ಮೇಲೆ ಅನುಮಾನ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಂಥ ತೇವದಲ್ಲಿ ತಪ್ಪಿದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಕೂದಲೆಳೆಯ ಬಿರುಕು.

ಇವೆರಡೂ ಅಲ್ಲದ ವಿಚಿತ್ರವೊಂದಿದೆ. ಗ್ಯಾರೇಜಿನಲ್ಲಿ ಗಾಡಿ ಸರಿ, ಘಾಟಿ ಹತ್ತುವಾಗಲೂ ಸರಿ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹಗುರವಾಗಿ ಓಡುವಾಗ ಮಾತ್ರ ಮಿಸ್ಸಿಂಗ್! ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟನ್ನು ಹೊತ್ತ ತಟ್ಟೆ ಅಲುಗಾಡದೆ ಕೂರುವುದಿಲ್ಲ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಓಡುವಾಗ ಎಂಜಿನ್ನಿನ ಹೀರುಗಾಳಿ ತಟ್ಟೆಯನ್ನು ತುಸು ತಿರುಗಿಸಿ ಕಿಡಿಯನ್ನು ಮುಂಚಿತವಾಗಿ ಬೀಳಿಸುತ್ತದೆ. ಪೂರ್ತಿ ಒತ್ತಿ ಏರು ಹತ್ತುವಾಗ ಹೀರುವಿಕೆ ಕುಸಿದು ತಟ್ಟೆ ಹಿಂದಕ್ಕೆ ಬರುತ್ತದೆ. ತಟ್ಟೆಯೊಂದಿಗೆ ಬಾಗುತ್ತ ಏಳುತ್ತ ಇರುವ ಸಣ್ಣ ವೈರಿನ ಎಳೆಗಳು ಹೊರಕವಚದ ಒಳಗೆ ತುಂಡಾಗಿದ್ದರೆ, ತಟ್ಟೆ ತಿರುಗಿದಾಗ ಬಿಡುತ್ತವೆ, ಮರಳಿದಾಗ ಕೂಡುತ್ತವೆ. ನೋಡುವ ಕಣ್ಣಿಗೆ ವೈರು ಇಡಿಯಾಗಿಯೇ ಇದೆ. ಇದನ್ನು ಹಿಡಿಯಲು ಯಾವ ಮೀಟರೂ ಬೇಡ: ಎಂಜಿನ್ ಓಡುತ್ತಿರುವಾಗ ಹೀರುಕೊಳವೆಯನ್ನು ಬಿಡಿಸಿ ಬಾಯಲ್ಲಿ ಹೀರಿದರೆ ತಟ್ಟೆ ತಿರುಗುತ್ತದೆ, ಅಡಗಿದ್ದ ಮಿಸ್ಸಿಂಗ್ ಕಣ್ಣೆದುರು ಬರುತ್ತದೆ.

ಮಾರ್ಪಡಿಸಿದ ಕಾರಿನಲ್ಲಿ ಕಥೆಗೆ ಇನ್ನೊಂದು ಪದರ. ಆ ವೈರು ಸವೆದಾಗ ಯಾರೋ ಅವಸರಕ್ಕೆ ಮನೆಯ ವೈರಿಂಗಿನ ಗಡುಸು ತಂತಿ ಹಾಕಿರುತ್ತಾರೆ. ಬಾಗಿ ಬಾಗಿ ಅದು ಬೇಗ ಮುರಿಯುತ್ತದೆ. ಮುಂದಿನ ಒಡೆಯ ಪಾಯಿಂಟಿನ ಸಹವಾಸವೇ ಬೇಡವೆಂದು ಎಲೆಕ್ಟ್ರಾನಿಕ್ ಕಿಟ್ ಕೂರಿಸುತ್ತಾನೆ. ಪಾಯಿಂಟು ಹೋಯಿತು, ಆದರೆ ಹೊಸ ಕಿಟ್ ಕೂತಿರುವುದು ಅದೇ ಅಲುಗುವ ತಟ್ಟೆಯ ಮೇಲೆ. ಅದರ ವೈರುಗಳೂ ಅಲ್ಲೇ ಬಾಗುತ್ತವೆ, ತಟ್ಟೆಗೆ ಅರ್ಥ್ ಕೊಡುವ ಪುಟ್ಟ ತಂತಿ ಹಳೆಯದೇ. ಕೆಲವು ಕಾರುಗಳಲ್ಲಿ ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟರ್ ಇರುತ್ತದೆ. ಪೂರ್ತಿ 12 ವೋಲ್ಟ್ ಬೇಡುವ ಕಿಟ್ಟನ್ನು ಅದರ ಹಿಂದೆ ಜೋಡಿಸಿದರೆ ಹೆಡ್‌ಲೈಟ್ ಹಾಕಿದ ರಾತ್ರಿಯಲ್ಲಿ ಕಿಡಿ ತೊದಲಬಹುದು. ಹೀಗೆ ಒಂದೇ ಬಾನೆಟ್ಟಿನ ಕೆಳಗೆ ಮೂರು ಕಾಲಗಳು ಜಗಳವಾಡುತ್ತಿರುತ್ತವೆ. ಒಂದೊಂದೇ ಬದಲಿಸಿ, ಪ್ರತಿಸಲವೂ ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಪ್ಲಗ್, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಗಾಡಿ ಸರಿಹೋಗಬಹುದು, ತಪ್ಪು ಯಾವುದೆಂದು ತಿಳಿಯುವುದಿಲ್ಲ.

ಇಂದಿನ ಕಾರುಗಳಲ್ಲಿ ಕ್ರ್ಯಾಂಕಿನ ವೇಗದ ಸಣ್ಣ ಏರುಪೇರನ್ನು ಸೆನ್ಸರ್ ಗಮನಿಸಿ, ಯಾವ ಸಿಲಿಂಡರಿನಲ್ಲಿ ಕಿಡಿ ತಪ್ಪಿತೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ಸೀಟಿನಲ್ಲಿ ಕೂತ ಹಳೆಯ ಡ್ರೈವರನ ಬೆನ್ನಿಗೆ ತಿಳಿಯುತ್ತಿದ್ದುದೂ ಅದೇ ಏರುಪೇರು. ಆದರೆ ಆ ಕಂಪ್ಯೂಟರ್ ಹಳೆಯ ಅಂಬಾಸಿಡರಿನಲ್ಲಿಲ್ಲ, ಅದನ್ನು ಬಲ್ಲ ಕೈಗಳು ಒಂದೊಂದಾಗಿ ಕೆಲಸ ಬಿಡುತ್ತಿವೆ. ತಪ್ಪು ಸಿಗಲಿಲ್ಲವೆಂದು ಅಪ್ಪ ಓಡಿಸಿದ ಕಾರನ್ನು ಗುಜರಿಗೆ ಹಾಕುವ ಮನೆಗಳಿವೆ. ಎಷ್ಟೋ ಸಲ ಸೋತಿರುವುದು ಗೇಣುದ್ದದ ತಂತಿ. ಹಳೆಯ ಕಾರನ್ನು ಮಾರ್ಪಡಿಸುವವರು ಏನು ತೆಗೆದೆವು, ಏನು ಹಾಕಿದೆವು, ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಗಾಡಿಯಲ್ಲೇ ಇಟ್ಟರೆ, ಮುಂದೆ ಬಂಡೀಪುರದ ಚೆಕ್‌ಪೋಸ್ಟಿನ ಬಳಿ ಬಾನೆಟ್ ಎತ್ತಿ ನಿಲ್ಲುವ ಯಾರಿಗೋ ಅದು ಒದಗುತ್ತದೆ.