ಕಡಲಿಲ್ಲದ ಸೀಮೆಯ ಹೆಸರು ಕಡಲಿನಲ್ಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜನಕ್ಕೆ ನೀರೆಂದರೆ ಕೆರೆ, ಕಣ್ವ, ಅರ್ಕಾವತಿ. ಅರ್ಕಾವತಿಯೇನೋ ಸಂಗಮದಲ್ಲಿ ಕಾವೇರಿಯನ್ನು ಕೂಡಿ ಕಡಲಿನ ದಾರಿ ಹಿಡಿಯುತ್ತದೆ. ಜನ ಬಂಡೆಬೆಟ್ಟಗಳ ನೆರಳಿನಲ್ಲೇ ಉಳಿದವರು. ಇಂಥ ಒಳನಾಡಿನ ಸೀಮೆಗಳೇ ಕೂಡಿದ್ದ ಮೈಸೂರಿನ ಹೆಸರನ್ನು ಇಪ್ಪತ್ತೆಂಟು ವರ್ಷ ಹೊತ್ತು ತಿರುಗಿದ ಯುದ್ಧನೌಕೆಯೊಂದರ ಚರಿತ್ರೆ ಇದು.

ಆ ನೌಕೆ ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1939ರಲ್ಲಿ ನೀರಿಗಿಳಿದ ಈ ಕ್ರೂಸರ್, 1940ರಲ್ಲಿ 'ನೈಜೀರಿಯ' ಎಂಬ ಹೆಸರಿನಿಂದ ಬ್ರಿಟಿಷ್ ನೌಕಾದಳವನ್ನು ಸೇರಿತು. ಅದೂ ಅಂದು ಪರಾಧೀನವಾಗಿದ್ದ ಒಂದು ನಾಡಿನ ಹೆಸರು. 1941ರಲ್ಲಿ ಉತ್ತರದ ಹಿಮಸಾಗರದಲ್ಲಿ ಜರ್ಮನರ ಹವಾಮಾನ ವೀಕ್ಷಣೆಯ ಹಡಗನ್ನು ಹಿಡಿದು, ಅವರ ಗುಪ್ತಲಿಪಿಯ ಕಾಗದಗಳನ್ನು ವಶಪಡಿಸಿಕೊಂಡ ಪಡೆಯಲ್ಲಿ ಅದಿತ್ತು. ಮುಂದಿನ ವರ್ಷ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳನ್ನು ಕಾಯುತ್ತಿದ್ದಾಗ, ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೋ ಅದಕ್ಕೆ ಬಡಿಯಿತು. 52 ನಾವಿಕರು ಮಡಿದರು. ಹಡಗು ಮಾತ್ರ ಮುಳುಗದೆ ಜಿಬ್ರಾಲ್ಟರ್ ತಲುಪಿತು.

1954ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಕೊಂಡಿತು. ಆಗ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದವರು ರಾಮನಗರದ ಕಡೆಯವರೇ ಆದ ಕೆಂಗಲ್ ಹನುಮಂತಯ್ಯನವರು. ರಾಜ್ಯಕ್ಕೆ ಅಂಗೈಯಗಲದ ಕಡಲತೀರವೂ ಇರಲಿಲ್ಲ. ಬರ್ಕನ್‌ಹೆಡ್ಡಿನಲ್ಲಿ ನೌಕೆಯ ನವೀಕರಣ ನಡೆದಿರುವಾಗಲೇ ಇತ್ತ 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗಿ, ಕಾರವಾರ ಮಂಗಳೂರುಗಳ ಕರಾವಳಿ ಮೈಸೂರು ರಾಜ್ಯಕ್ಕೆ ಬಂದಿತು. 1957ರ ಆಗಸ್ಟ್ 29ರಂದು ನೌಕೆ 'ಮೈಸೂರು' ಎಂಬ ಹೆಸರನ್ನೂ ಗಂಡಭೇರುಂಡದ ಲಾಂಛನವನ್ನೂ ಧರಿಸಿ ಭಾರತದ ಸೇವೆಗೆ ನಿಂತಿತು. ಹಡಗು ಅಣಿಯಾಗುವ ಹೊತ್ತಿಗೆ ನಾಡಿಗೂ ಕಡಲು ದೊರಕಿತ್ತು.

ಅದರ ಸೇವೆಯೆಲ್ಲ ಜಯಘೋಷವೇ ಅಲ್ಲ. 1959ರಲ್ಲಿ ಸಿಲೋನಿನ ಬಳಿ ತಾಲೀಮಿನ ಸಮಯದಲ್ಲಿ ಬ್ರಿಟನ್ನಿನ 'ಹೋಗ್' ಎಂಬ ನೌಕೆಗೆ ಅದು ಡಿಕ್ಕಿ ಹೊಡೆದು ಭಾರಿ ಹಾನಿ ಮಾಡಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ದಳಪತಿ ನಿಂತು ಆಜ್ಞೆ ಕೊಟ್ಟದ್ದು ಇದೇ ಹಡಗಿನಿಂದ. ಆದರೆ ಕರಾಚಿಗೆ ಬೆಂಕಿಯಿಟ್ಟದ್ದು ಇದರ ಒಂಬತ್ತು ಹೆಬ್ಬಿರಂಗಿಗಳಲ್ಲ, ಪುಟ್ಟ ಕ್ಷಿಪಣಿ ದೋಣಿಗಳು. ಫಿರಂಗಿಯ ಯುಗ ಮುಗಿಯುತ್ತಿತ್ತು. ಕಡೆಯ ವರ್ಷಗಳಲ್ಲಿ ಎಳೆಯ ನಾವಿಕರಿಗೆ ಪಾಠಶಾಲೆಯಾಗಿದ್ದು, 1985ರಲ್ಲಿ ನೌಕೆ ನಿವೃತ್ತವಾಯಿತು.

ಅಷ್ಟರಲ್ಲಿ, 1973ರಲ್ಲೇ, ರಾಜ್ಯ 'ಕರ್ನಾಟಕ'ವಾಗಿತ್ತು. ಹಡಗಿನ ಹೆಸರು ಬದಲಾಗಲಿಲ್ಲ. 1999ರಲ್ಲಿ ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಕಟ್ಟಿದ ಹೊಸ ನೌಕೆಗೂ ಅದೇ ಹೆಸರು ಸಂದಿತು. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಅದು 23 ಕಡಲ್ಗಳ್ಳರನ್ನು ಸೆರೆಹಿಡಿಯಿತು.

ನಾಮಕರಣ ಒಂದು ದಿನದ ಕೆಲಸ. ಹೆಸರಿಗೆ ಅರ್ಥ ಬರುವುದು ದುಡಿಮೆಯಿಂದ, ಕೆಲವೊಮ್ಮೆ ಪ್ರಾಣದಿಂದ. 1942ರಲ್ಲಿ ಮಡಿದ ಆ 52 ಮಂದಿ ಮೈಸೂರಿನ ಹೆಸರು ಹೊತ್ತ ಹಡಗಿನಲ್ಲಿ ದುಡಿದವರಲ್ಲ. ಆದರೂ ಅವರ ನೆತ್ತರು ಬಿದ್ದ ಉಕ್ಕಿನ ಮೇಲೆಯೇ ಮುಂದೆ ನಮ್ಮ ಗಂಡಭೇರುಂಡ ರೆಕ್ಕೆ ಬಿಚ್ಚಿತು. ಈ ಹಡಗಿನ ಕಥೆ ಹೇಳುವಾಗ ಅವರನ್ನೂ ನೆನೆಯುವುದು ನ್ಯಾಯ.